ಬೆಟ್ಟಾ ಮೀನಿಗೆ ಎಷ್ಟು ನೀರು ಬೇಕು?

ಎರಡು ವರ್ಷದ ಹಿಂದಿನ ಮಾತು. ದೀಪಾವಳಿಗೆ ಭದ್ರಾವತಿಯ ಮಗಳ ಮನೆಗೆ ಹೊರಟಿದ್ದೆ. ಮೊಮ್ಮಗಳಿಗೆ ಪಟಾಕಿ ತರಕೂಡದೆಂದು ಅವಳಮ್ಮನ ಕಟ್ಟಪ್ಪಣೆ. ಹಾಗೆಂದು ಹಬ್ಬದ ದಿನ ಬರಿಗೈಯಲ್ಲಿ ಹೋಗುವುದು ಹೇಗೆ? ಶಿವಮೊಗ್ಗದಲ್ಲಿ ಬಸ್ ನಿಲ್ದಾಣಕ್ಕೆ ನಡೆದು ಹೋಗುವಾಗ ಬಣ್ಣದ ಮೀನು ಮಾರುವ ಅಂಗಡಿಯೊಂದು ಕಣ್ಣಿಗೆ ಬಿತ್ತು. ಕಪಾಟಿನ ತುಂಬ ಜಾಮ್ ಬಾಟಲಿಯಷ್ಟಿನ ಗಾಜಿನ ಡಬ್ಬಿಗಳು, ಒಂದೊಂದರಲ್ಲೂ ಒಂದೇ ಒಂದು ಮೀನು. ಬಾಲವೋ, ರೇಷ್ಮೆ ಸೀರೆಯ ಸೆರಗಿನಂತೆ ಇಳಿಬಿದ್ದಿತ್ತು. ಅದರಲ್ಲೊಂದರ ಬಣ್ಣ ನಾವು ಶಾಲೆಯಲ್ಲಿ ಅದ್ದಿ ಅದ್ದಿ ಬರೆಯುತ್ತಿದ್ದ ನೀಲಿ ಶಾಯಿಯದೇ.

"ಫೈಟರ್ ಸಾರ್ ಇದು, ಬೆಟ್ಟಾ ಅಂತಾರೆ. ಇದಕ್ಕೆ ಜಾಗಾನೇ ಬೇಡ. ಗಾಳಿ ಮೆಷಿನ್ನೂ ಬೇಡ. ಗದ್ದೆ ಕೊಚ್ಚೇಲಿ ಬದುಕೋ ಮೀನು, ಒಂದು ಬೌಲ್ ಸಾಕು" ಎಂದ ಅಂಗಡಿಯವ. ಮೀನಿಗಿಂತ ಬೌಲಿಗೇ ಹೆಚ್ಚು ದುಡ್ಡು ಕೊಟ್ಟೆ. ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ನೀರು ಸಮೇತ ಕಟ್ಟಿ ಕೊಟ್ಟ. ಬಸ್ಸು ನಿದಿಗೆ ದಾಟಿ ಹಂಪ್ ಹಾರಿದಾಗಲೆಲ್ಲ ಚೀಲವನ್ನು ಹಸುಗೂಸಿನಂತೆ ಎರಡು ಕೈಯಲ್ಲಿ ಎತ್ತಿ ಹಿಡಿದೆ. ಪಕ್ಕದಲ್ಲಿ ಕೂತಿದ್ದವರು ನಕ್ಕರು.

ಮೊಮ್ಮಗಳು ಅದಕ್ಕೆ ಇಂಕು ಎಂದು ಹೆಸರಿಟ್ಟಳು. ಆಗವಳು ನಾಲ್ಕನೇ ಕ್ಲಾಸು. ಕಿಟಕಿ ಪಕ್ಕದ ಓದುವ ಮೇಜಿನ ಮೇಲೆ ಬೌಲು ಕೂತಿತು. ಪ್ರತಿ ಭಾನುವಾರ ಅಮ್ಮ, ಮಗಳು ಸೇರಿ ಮೀನನ್ನು ಲೋಟಕ್ಕೆ ತೆಗೆದು, ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನು ಉಜ್ಜಿ ತೊಳೆದು, ನಲ್ಲಿಯಿಂದ ಹೊಸ ನೀರು ತುಂಬಿಸುತ್ತಿದ್ದರು. ಎಷ್ಟು ಶುಚಿ ಎಂದು ನಾನೂ ಮೆಚ್ಚಿದ್ದೆ.

ಸಂಕ್ರಾಂತಿಗೆ ನಾಲ್ಕು ದಿನವಿರುವಾಗ ಬೆಳಿಗ್ಗೆ ಫೋನು ಬಂತು. "ಅಜ್ಜ, ಇಂಕು ಏಳ್ತಾ ಇಲ್ಲ." ಮಧ್ಯಾಹ್ನದ ಹೊತ್ತಿಗೆ ಅದನ್ನು ದಾಸವಾಳದ ಗಿಡದ ಬುಡದಲ್ಲಿ ಮಣ್ಣು ಮಾಡಿದ್ದರು. ಸಂಜೆ ಮತ್ತೆ ಫೋನು. "ನಾನು ಜಾಸ್ತಿ ಊಟ ಹಾಕಿದ್ದಕ್ಕಾ ಅಜ್ಜ?" ಎಂದು ಕೇಳಿದಳು. ನನಗೇನು ಗೊತ್ತಿತ್ತು? "ಇರಬಹುದು ಪುಟ್ಟಿ" ಎಂದುಬಿಟ್ಟೆ.

ಆಮೇಲೆ ಆ ಮಗು ಮೀನಿನ ಸುದ್ದಿ ಎತ್ತಲೇ ಇಲ್ಲ. ಹಿತ್ತಿಲಿನ ಬೆಕ್ಕಿಗೆ ಅನ್ನ ಹಾಕು ಎಂದರೂ "ಬೇಡ, ಅಮ್ಮ ಹಾಕಲಿ" ಎನ್ನುತ್ತಾಳೆಂದು ಮಗಳು ಹೇಳಿದಾಗ ನನ್ನ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು.

ನಮ್ಮ ಬೀದಿಯಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿ ಬಂದ ಹುಡುಗನೊಬ್ಬನಿದ್ದಾನೆ. ಒಂದು ದಿನ ಅವನನ್ನು ಹಿಡಿದು ನಿಲ್ಲಿಸಿ ಕತೆಯೆಲ್ಲ ಹೇಳಿದೆ. ಊಟದ ವಿಚಾರ ಕೇಳುತ್ತಾನೆಂದುಕೊಂಡರೆ ಅವನ ಮೊದಲ ಪ್ರಶ್ನೆ, "ಬೌಲ್ ಎಷ್ಟು ಲೀಟರಿಂದು ಅಂಕಲ್?"

ನನಗೆ ಗೊತ್ತಿರಲಿಲ್ಲ. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಬೇರೆಯವರ ದುಡ್ಡನ್ನು ಪೈಸೆ ಬಿಡದೆ ಎಣಿಸಿದವನು ಒಂದು ಜೀವ ಇರುವ ನೀರನ್ನು ಅಳೆದು ನೋಡಿರಲಿಲ್ಲ! ಮಗಳಿಂದ ಬೌಲನ್ನು ತರಿಸಿಕೊಂಡು ಹಾಲಿನ ಅರ್ಧ ಲೀಟರ್ ಅಳತೆಯಿಂದ ತುಂಬಿಸಿದೆ. ಕಂಠಮಟ್ಟ ತುಂಬಿದರೆ ಎರಡೂವರೆ ಲೀಟರು. ತುಳುಕದಿರಲೆಂದು ಅವರು ತುಂಬುತ್ತಿದ್ದುದು ಎರಡೇ ಲೀಟರು. "ಕಾರಣ ಅಲ್ಲೇ ಇದೆ" ಎಂದ ಹುಡುಗ.

ಅವನು ಹೇಳಿದ್ದನ್ನೂ, ಆಮೇಲೆ ನಾನು ಓದಿ, ಮಾಡಿ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಅದೇ ಅಂಗಡಿಮಾತು ಕೇಳಿ ಅದೇ ಬೌಲು ಕೊಳ್ಳುವ ಅಜ್ಜಂದಿರು, ಅಪ್ಪಂದಿರು ಬಹಳ ಜನ ಇದ್ದಾರೆ.

ಬೆಟ್ಟಾ ಎಂದರೆ ನಮ್ಮ ಮಲೆನಾಡಿನ ಬೆಟ್ಟವಲ್ಲ. ಶಾಸ್ತ್ರದಲ್ಲಿ ಅದರ ಹೆಸರು ಬೆಟ್ಟಾ ಸ್ಪ್ಲೆಂಡೆನ್ಸ್. ಊರು ಥಾಯ್ಲೆಂಡ್. ಅಲ್ಲಿಯ ಜನ ಇದನ್ನು 'ಪ್ಲಾ ಕಾಟ್' ಎನ್ನುತ್ತಾರೆ, ಎಂದರೆ ಕಚ್ಚುವ ಮೀನು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಎರಡು ಗಂಡು ಒಂದೆಡೆ ಸೇರಿದರೆ ರೆಕ್ಕೆ ಹರಿದು ಹೋಗುವವರೆಗೂ ಕಾದಾಡುತ್ತವೆ. ಅದಕ್ಕೇ ಒಂದೊಂದು ಡಬ್ಬಿಗೆ ಒಂದೊಂದು. ಎಷ್ಟೇ ದೊಡ್ಡ ತೊಟ್ಟಿ ತಂದರೂ ಗಂಡು ಒಂದೇ ಇರಬೇಕು.

ಇನ್ನು ಅಂಗಡಿಯವನ ಮಾತು. ಅವನು ಹೇಳಿದ್ದು ಪೂರಾ ಸುಳ್ಳಲ್ಲ. ಬೆಟ್ಟಾಕ್ಕೆ ಕಿವಿರಿನ ಜೊತೆಗೆ ತಲೆಯೊಳಗೆ ಲ್ಯಾಬಿರಿಂತ್ ಎಂಬ ಇನ್ನೊಂದು ಅಂಗವಿದೆ. ಅದರ ಬಲದಿಂದ ಮೇಲೆ ಬಂದು ಬಾಯಿ ತೆರೆದು ಗಾಳಿಯನ್ನೇ ನುಂಗಿ ಉಸಿರಾಡುತ್ತದೆ. ಆದ್ದರಿಂದ ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೂ ಬದುಕುತ್ತದೆ. ಗದ್ದೆಯ ನೀರಿನಲ್ಲಿ ಇರುವುದೂ ನಿಜವೇ. ಆದರೆ ಗದ್ದೆಯಲ್ಲಿ ನೀರು ಎಷ್ಟಿರುತ್ತದೆ ಎಂದು ಯಾರಾದರೂ ಲೆಕ್ಕ ಹಾಕಿದ್ದಾರೆಯೇ?

ಭದ್ರಾವತಿಯ ಸುತ್ತ ಭದ್ರಾ ನಾಲೆಯ ನೀರು ಕುಡಿಯುವ ಗದ್ದೆಗಳನ್ನು ನೋಡಿಯೇ ಇರುತ್ತೀರಿ. ಅದರಲ್ಲಿ ಒಂದೇ ಒಂದು ಗುಂಟೆ ತೆಗೆದುಕೊಳ್ಳಿ. ಮಕ್ಕಳು ಪೆನ್ಸಿಲ್ ಹಿಡಿಯಲಿ. ಒಂದು ಗುಂಟೆ ಎಂದರೆ 1089 ಚದರ ಅಡಿ. ನೀರು ನಾಲ್ಕೇ ಇಂಚು ನಿಂತಿದೆ ಎನ್ನಿ, ಎಂದರೆ ಅಡಿಯ ಮೂರನೇ ಒಂದು ಭಾಗ. 1089ನ್ನು ಮೂರರಿಂದ ಭಾಗಿಸಿದರೆ 363 ಘನ ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್ ನೀರು. ಗುಣಿಸಿ ನೋಡಿ, ಹತ್ತು ಸಾವಿರ ಲೀಟರು ದಾಟುತ್ತದೆ. ನಮ್ಮ ಪಾದ ಮುಳುಗುವಷ್ಟೇ ನೀರು, ಅದೂ ಒಂದೇ ಗುಂಟೆ! ಅದು ಕೊಚ್ಚೆ ಎಂದು ನಾವು ಎರಡು ಲೀಟರಿಗೆ ತಂದು ಬಿಟ್ಟೆವು.

ಆಮ್ಲಜನಕ ಬೇಡದ ಮೀನಿಗೆ ನೀರು ಹೆಚ್ಚಿದ್ದರೆ ಏನು ಲಾಭ ಎಂದು ಕೇಳಬಹುದು. ನಾನೂ ಕೇಳಿದೆ. ಉತ್ತರ ಇರುವುದು ಉಸಿರಿನಲ್ಲಲ್ಲ, ಕಕ್ಕಸಿನಲ್ಲಿ. ಮೀನು ತಿಂದು ಬಿಡುವುದೆಲ್ಲ ಅದೇ ನೀರಿಗೆ. ಕಿವಿರಿನಿಂದ ಅಮೋನಿಯಾ ಹೊರಬೀಳುತ್ತದೆ, ಉಳಿದ ಆಹಾರ ಕೊಳೆತರೂ ಅಮೋನಿಯಾ. ಹಳೆಯ ಬಸ್ ನಿಲ್ದಾಣದ ಮೂತ್ರಾಲಯದಲ್ಲಿ ಕಣ್ಣು ಉರಿಸುತ್ತದಲ್ಲ, ಅದೇ. ಒಂದು ಚಿಟಿಕೆ ಉಪ್ಪನ್ನು ಕೊಡಪಾನಕ್ಕೆ ಹಾಕಿದರೆ ನಾಲಿಗೆಗೆ ತಿಳಿಯುವುದಿಲ್ಲ, ಲೋಟಕ್ಕೆ ಹಾಕಿದರೆ ಕುಡಿಯಲಾಗುವುದಿಲ್ಲ. ಎರಡು ಲೀಟರಿನಲ್ಲಿ ಒಂದೆರಡು ದಿನದಲ್ಲೇ ಕಿವಿರು ಸುಡುವಷ್ಟಾಗುವ ಅಮೋನಿಯಾ ಇಪ್ಪತ್ತು ಲೀಟರಿನಲ್ಲಿ ಹತ್ತನೇ ಒಂದು ಪಾಲು ಗಾಢವಷ್ಟೆ.

ಆದರೂ ಅದು ಅಲ್ಲಿ ಕೂಡುತ್ತಲೇ ಹೋಗಬೇಕಲ್ಲ? ಹೋಗುವುದಿಲ್ಲ. ಕಲ್ಲು, ಗಾಜು, ಫಿಲ್ಟರಿನ ಸ್ಪಂಜಿನ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಒಂದು ಜಾತಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಅಪಾಯದ್ದಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಆಯಿತು. ನಮ್ಮವರು ಪ್ರತಿ ಭಾನುವಾರ ಕಲ್ಲು ಉಜ್ಜಿ ತೊಳೆಯುತ್ತಿದ್ದುದು ಈ ಬ್ಯಾಕ್ಟೀರಿಯಾಗಳನ್ನೇ! ಆ ಶುಚಿಯನ್ನು ನಾನು ಮೆಚ್ಚಿದ್ದೆ ಬೇರೆ.

ಚಳಿಯ ಮಾತು ಇನ್ನೊಂದು. ಬೆಟ್ಟಾಕ್ಕೆ 24ರಿಂದ 28 ಡಿಗ್ರಿ ಬೆಚ್ಚಗಿನ ನೀರು ಹಿತ. ನಮ್ಮ ಕಡೆ ಡಿಸೆಂಬರ್, ಜನವರಿಯ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುವುದುಂಟು. ಲೋಟದ ಕಾಫಿ ಪೇಪರ್ ಓದಿ ಮುಗಿಸುವುದರೊಳಗೆ ಆರುತ್ತದೆ, ಬಚ್ಚಲ ಹಂಡೆಯ ನೀರು ಮಧ್ಯಾಹ್ನವಾದರೂ ಉಗುರುಬೆಚ್ಚಗೆ ಇರುತ್ತದೆ. ಕಿಟಕಿ ಪಕ್ಕದ ಎರಡು ಲೀಟರು ಹಗಲು ಬಿಸಿಲಿಗೆ ಕಾದು, ರಾತ್ರಿ ತಣ್ಣಗಾಗಿ, ಮತ್ತೆ ಕಾದು, ಮತ್ತೆ ತಣ್ಣಗಾಗಿ ಆ ಮೀನು ಎಷ್ಟು ನಡುಗಿತೋ. ಮೇಲೆ ಭಾನುವಾರ ಬೆಳಿಗ್ಗೆಯ ನಲ್ಲಿ ನೀರಿನ ಸ್ನಾನ. ಅಷ್ಟು ಸಣ್ಣ ಬೌಲಿಗೆ ಹೀಟರ್ ಹಾಕೋಣವೆಂದರೆ ನೀರು ಬೇಗ ವಿಪರೀತ ಕಾಯುವ ಭಯ. ಹೀಟರನ್ನು ನೆಮ್ಮದಿಯಾಗಿ ನಂಬಲೂ ನೀರು ಒಂದಿಷ್ಟು ಇರಬೇಕು.

ಹಾಗಾದರೆ ಎಷ್ಟಿರಬೇಕು? ಅನುಭವಸ್ಥರು ಹೆಚ್ಚಾಗಿ ಹೇಳುವುದು ಐದು ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 19 ಲೀಟರು. ಇಪ್ಪತ್ತು ಎಂದಿಟ್ಟುಕೊಳ್ಳಿ. ಹತ್ತು ಲೀಟರಿನಲ್ಲಿ ಚೆನ್ನಾಗಿ ಸಾಕಿದವರೂ ಇದ್ದಾರೆ. ಅವರು ದಿನಾ ಅಮೋನಿಯಾ ಅಳೆಯುವ ಜಾತಿಯವರು. ಪರೀಕ್ಷೆ, ನೆಂಟರು, ಜಾತ್ರೆ ಎಂದು ಒಂದು ವಾರ ಮರೆತರೂ ಮೀನು ಬದುಕಬೇಕಾದರೆ ಮಕ್ಕಳಿರುವ ಮನೆಗೆ ಇಪ್ಪತ್ತೇ ಸರಿ ಎಂಬುದು ನನ್ನ ಅಭಿಪ್ರಾಯ. ಕೌಂಟರಿನಲ್ಲಿ ಕೂತು 'ಖಾತೆಯಲ್ಲಿ ಕನಿಷ್ಠ ಶಿಲ್ಕು ಇರಲೇಬೇಕು' ಎಂದು ಎಷ್ಟು ಜನಕ್ಕೆ ಹೇಳಿದ್ದೆನೋ. ಇಲ್ಲಿ ಶಿಲ್ಕು ಕಡಿಮೆಯಾದರೆ ದಂಡ ಕಟ್ಟುವುದು ಮೀನು.

ಇಷ್ಟು ತಿಳಿದ ಮೇಲೆ ಭದ್ರಾವತಿಗೆ ಹೋದೆ. ಬೇಸಿಗೆ ರಜೆ ಶುರುವಾಗಿತ್ತು. ಮೊಮ್ಮಗಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಗುಂಟೆಯ ಲೆಕ್ಕ ಮಾಡಿಸಿದೆ, ಉಪ್ಪಿನ ಲೋಟ ಕುಡಿಸಿದೆ. ಥೂ ಎಂದು ಉಗಿದಳು. "ಇಂಕು ಸತ್ತದ್ದು ನಿನ್ನ ಊಟದಿಂದಲ್ಲ. ನಾನು ತಂದ ಬೌಲಿಂದ. ಅವತ್ತು ಫೋನಲ್ಲಿ ನಾನು ಹೇಳಿದ್ದು ತಪ್ಪು" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮತ್ತೆ ಅವತ್ತು ಯಾಕೆ ಹಂಗಂದ್ರಿ ಅಜ್ಜ?" 

"ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು."

ಅವಳು ನಗಲಿಲ್ಲ. ಅಳಲೂ ಇಲ್ಲ. ಒಳಗೆ ಹೋಗಿ ಹೊಲಿಗೆ ಟೇಪು ತಂದಳು. "ತೊಟ್ಟಿ ಎಲ್ಲಿಡೋದು, ಅಳೀರಿ."

ಈ ಸಲ ಅಂಗಡಿಗೆ ಹೋದದ್ದು ಟೇಪು ಹಿಡಿದೇ. ಅಂಗಡಿಯಲ್ಲಿ ತೊಟ್ಟಿಗೆ ಇಂಚಿನ ಲೆಕ್ಕ. ಉದ್ದ, ಅಗಲ, ಎತ್ತರ ಗುಣಿಸಿ 61ರಿಂದ ಭಾಗಿಸಿದರೆ ಲೀಟರು ಸಿಗುತ್ತದೆ. ಸೆಂಟಿಮೀಟರಿನಲ್ಲಿ ಅಳೆದರೆ ಇನ್ನೂ ಸುಲಭ, ಸಾವಿರದಿಂದ ಭಾಗಿಸಿ. ಎತ್ತರಕ್ಕೆ ಗಾಜಿನ ಎತ್ತರ ಹಿಡಿಯಬೇಡಿ, ನೀರು ನಿಲ್ಲುವ ಎತ್ತರ ಹಿಡಿಯಿರಿ. ಮೇಲೆ ಎರಡು ಇಂಚು ಖಾಲಿ ಬೇಕು, ಮೀನು ಗಾಳಿ ಕುಡಿಯುವ ಜಾಗ ಅದು. ಮೂರು ತೊಟ್ಟಿ ನಮ್ಮ ಮುಂದಿದ್ದವು. 12-8-8 ಇಂಚಿನದು ಹತ್ತು ಲೀಟರಿನ ಸುತ್ತಮುತ್ತ, ಅದನ್ನು ಬಿಟ್ಟೆವು. 24-12-12ರದು ನೋಡಿ ಮೊಮ್ಮಗಳು ಕುಣಿದಳು. ಹತ್ತು ಇಂಚು ತುಂಬಿಸಿದರೆ 47 ಲೀಟರು. ಮೀನಿಗೆ ಅದರಿಂದ ಕೆಡುಕೇನಿಲ್ಲ. ಆದರೆ ನೀರು, ಕಲ್ಲು, ಗಾಜು ಸೇರಿದರೆ ಎರಡು ತುಂಬಿದ ಗ್ಯಾಸ್ ಸಿಲಿಂಡರಿಗಿಂತ ಭಾರ. "ಬಾಡಿಗೆ ಮನೆ ಅಪ್ಪ, ನಾಳೆ ಸಾಮಾನು ಸಾಗಿಸೋವಾಗ ಯಾರು ಎತ್ತೋರು?" ಎಂದಳು ಮಗಳು. ಅವಳ ಮಾತೂ ಸರಿಯೇ.

ಕೊನೆಗೆ ಒಂದೂವರೆ ಅಡಿಯದು, 18-10-10. ಎಂಟು ಇಂಚು ನೀರು ನಿಲ್ಲಿಸಿದರೆ 23 ಲೀಟರಿಗೆ ತುಸು ಮೇಲೆ, ಕಲ್ಲಿನ ಪಾಲು ಕಳೆದರೆ ಇಪ್ಪತ್ತರ ಸುಮಾರು. ಅಂಗಡಿಯವ ಅಷ್ಟೇ ನೀರು ಹಿಡಿಯುವ ಒಂದು ಎತ್ತರದ ಕಂಬದಂಥ ತೊಟ್ಟಿಯನ್ನೂ ತೋರಿಸಿದ, ನೋಡಲು ಬಹಳ ಚೆಂದ. ಬೇಡವೆಂದೆ. ಈ ಮೀನು ಮತ್ತೆ ಮತ್ತೆ ಮೇಲೆ ಬಂದು ಉಸಿರಾಡಬೇಕು, ಮೇಲಾಗಿ ಅಷ್ಟುದ್ದದ ಸೆರಗು ಹೊತ್ತುಕೊಂಡು. ಮಹಡಿ ಹತ್ತಿಸುವುದಕ್ಕಿಂತ ಅಂಗಳ ಅಗಲ ಮಾಡಿಕೊಡುವುದು ಲೇಸು. ಉದ್ದವಿರಲಿ, ತಗ್ಗಿರಲಿ.

ಮುಚ್ಚಳ ಮರೆಯಬೇಡಿ, ಬೆಟ್ಟಾ ಹಾರುತ್ತದೆ. ಹೊಸ ತೊಟ್ಟಿಯ ಅಂಟಿನಲ್ಲಿ ವಿನೆಗರಿನ ಹುಳಿ ವಾಸನೆ ಇದ್ದರೆ ಅದು ಇನ್ನೂ ಒಣಗಿಲ್ಲ ಎಂದರ್ಥ, ವಾಸನೆ ಹೋಗುವವರೆಗೆ ಬಿಡಿ. ಮನೆಯೊಳಗೆ ಇಡುವ ಮೊದಲು ಹಿತ್ತಿಲಲ್ಲಿ ಒಂದು ದಿನ ನೀರು ತುಂಬಿಸಿಡಿ, ಸೋರುವುದು ಅಲ್ಲೇ ಸೋರಲಿ. ತುಂಬಿದ ಮೇಲೆ ಅದು ಮೂವತ್ತು ಕೆ.ಜಿ. ದಾಟುತ್ತದೆ. ಆದ್ದರಿಂದ ಟೀಪಾಯಿ ಸಾಲದು, ಗಟ್ಟಿ ಮೇಜೇ ಬೇಕು, ಅದೂ ಬಿಸಿಲು ಬೀಳುವ ಕಿಟಕಿಯಿಂದ ದೂರ. ಸಣ್ಣ ಗಾಳಿ ಪಂಪಿನ ಸ್ಪಂಜ್ ಫಿಲ್ಟರ್, ಥರ್ಮೋಸ್ಟಾಟ್ ಇರುವ 50 ವಾಟಿನ ಹೀಟರ್ ಕೊಂಡೆವು. ನೀರಿಗೆ ಕೈ ಹಾಕುವ ಮೊದಲು ಹೀಟರಿನ ಪ್ಲಗ್ ಕೀಳಬೇಕು. ಇದನ್ನು ಮಾತ್ರ ದೊಡ್ಡವರೇ ಮಾಡಲಿ.

ತೊಟ್ಟಿ ಬಂತು, ಮೀನು ಬರಲಿಲ್ಲ. ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಬೀದಿಯ ಹುಡುಗ ತನ್ನ ಹಳೆಯ ತೊಟ್ಟಿಯ ಸ್ಪಂಜಿನ ಒಂದು ತುಂಡು ಕೊಟ್ಟ, ಮೊಸರಿಗೆ ಹೆಪ್ಪು ಹಾಕಿದಂತೆ. ಮೊಮ್ಮಗಳು ದಿನಕ್ಕೆ ಎರಡು ಕಾಳು ಮೀನಿನ ಆಹಾರವನ್ನು ಖಾಲಿ ನೀರಿಗೆ ಹಾಕಿ ಕೊಳೆಯಲು ಬಿಟ್ಟಳು, ಬ್ಯಾಕ್ಟೀರಿಯಾಗಳಿಗೆ ಅದೇ ಊಟ. "ಯಾರೂ ಇಲ್ದೇ ಇರೋ ಮನೆಗೆ ಅನ್ನ ಹಾಕ್ತಿದೀನಿ" ಎಂದು ಫೋನಿನಲ್ಲಿ ಗೊಣಗಿದಳು. ಆದರೆ ಹಾಕಿದಳು. ಅದು ನನಗೆ ಸಮಾಧಾನದ ಸುದ್ದಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನಿಂತದ್ದು ಐದನೆಯ ವಾರ.

ಈ ಸಲದ್ದು ಕೆಂಪು ಮೀನು, ಹೆಸರು ಕುಂಕುಮ. ತಂದ ಚೀಲವನ್ನು ಹದಿನೈದು ನಿಮಿಷ ತೊಟ್ಟಿಯ ನೀರಿನಲ್ಲಿ ತೇಲಿಸಿ, ಬಿಸಿ ಸರಿಹೋದ ಮೇಲೆ ಬಿಟ್ಟೆವು. ಮೊದಲು ಒಂದು ಮೂಲೆಯಲ್ಲಿ ನಿಂತಿತು. ಆಮೇಲೆ ಮೆಲ್ಲಗೆ ಗಾಜಿನುದ್ದಕ್ಕೂ ಈಜಿ ಆ ತುದಿ ಮುಟ್ಟಿತು, ತಿರುಗಿತು, ಈ ತುದಿಗೆ ಬಂತು. ಇಂಕು ಈಜಿದ್ದನ್ನು ನಾವು ಯಾರೂ ನೋಡಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅದು ಬೌಲಿನಲ್ಲಿ ತಿರುಗುತ್ತಿತ್ತು, ಅಷ್ಟೇ.

ಕುಂಕುಮನಿಗೆ ಬೆಳಿಗ್ಗೆ ಎರಡು ಕಾಳು, ಸಂಜೆ ಎರಡು. ಅದರ ಹೊಟ್ಟೆ ಅದರ ಕಣ್ಣಿನಷ್ಟೇ. ಸೊಳ್ಳೆ ಮರಿ ಸಿಕ್ಕರೆ ಹಬ್ಬ, ಆದರೆ ಮೀನಿಗೆಂದು ಹಿತ್ತಿಲಲ್ಲಿ ಸೊಳ್ಳೆ ಸಾಕಬೇಡಿ, ಡೆಂಗೆ ಕಾಲ. ಒಂದೆರಡು ಅಂತರಗಂಗೆ ಗಿಡ ತೇಲಿಬಿಟ್ಟಿದ್ದೇವೆ. ಅದರ ಬೇರಿನ ಮರೆಯಲ್ಲಿ ನೀರಿನ ಮೇಲೆ ನೊರೆಯ ಗುಳ್ಳೆಗಳ ಗೂಡು ಕಟ್ಟುತ್ತದೆ, ಗಂಡು ಬೆಟ್ಟಾ ಮೊಟ್ಟೆ ಕಾಯಲು ಕಟ್ಟುವ ಗೂಡು. ಹೆಣ್ಣಿಲ್ಲದಿದ್ದರೂ ಕಟ್ಟುತ್ತದೆ, ಪಾಪ. ಮುಂದೆ ಎಂದಾದರೂ ಸಾಕಲಾಗದಿದ್ದರೆ ಭದ್ರಾ ನಾಲೆಗೆ ಬಿಟ್ಟರಾಯಿತು ಎಂದ ನೆಂಟರೊಬ್ಬರಿಗೆ ಮೊಮ್ಮಗಳೇ ಉತ್ತರ ಕೊಟ್ಟಳು. ನಮ್ಮ ಹೊಳೆಯಲ್ಲಿ ನಮ್ಮ ಮೀನು ಇರಲಿ, ಇದು ಥಾಯ್ಲೆಂಡಿನದು, ಸಾಕಲಾಗದಿದ್ದರೆ ಸಾಕುವವರ ಮನೆಗೆ ಕೊಡಬೇಕು ಎಂದಳು.

ಆ ಹಳೆಯ ಬೌಲನ್ನು ಎಸೆಯಲು ಮಗಳು ಎರಡು ಸಲ ಹೊರಟಿದ್ದಳು. ಮೊಮ್ಮಗಳು ಬಿಡಲಿಲ್ಲ. ವಾರಕ್ಕೊಮ್ಮೆ ತೊಟ್ಟಿಯ ಕಾಲು ಭಾಗ ನೀರು ಬದಲಿಸಬೇಕಲ್ಲ, ಐದು ಲೀಟರು. ಕ್ಲೋರಿನ್ ಹೋಗಲೆಂದು ಶನಿವಾರವೇ ಬಕೆಟ್ಟಿನಲ್ಲಿ ನೀರು ಹಿಡಿದಿಡುತ್ತಾಳೆ. ಭಾನುವಾರ ಬೆಳಿಗ್ಗೆ ತೊಟ್ಟಿಯಿಂದ ಆ ಬೌಲಿನ ಕಂಠಮಟ್ಟ ಎರಡು ಸಲ ನೀರು ತೆಗೆದು, ಸ್ಪಂಜನ್ನು ಅದರಲ್ಲೇ ಹಿಂಡಿ, ದಾಸವಾಳದ ಬುಡಕ್ಕೆ ಸುರಿಯುತ್ತಾಳೆ.